ಕರ್ರಗಿದ್ದ ಮಾತ್ರಕ್ಕೆ ರಕ್ತ ಕೆಟ್ಟಿಲ್ಲ

ಹುಬ್ಬಳ್ಳಿಯ ನಮ್ಮ ಲ್ಯಾಬಿಗೆ ಕುಂದಗೋಳದ ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ತೋಳಿಂದ ತೆಗೆದ ರಕ್ತವನ್ನು ಟ್ಯೂಬಿಗೆ ಬಿಡುವುದನ್ನೇ ನೋಡುತ್ತಿದ್ದವರು ಗಾಬರಿಯಾದರು. "ಡಾಕ್ಟ್ರೇ, ಹಿಂಗ್ಯಾಕ ಕರ್ರಗೈತ್ರಿ? ಕೆಟ್ಟೈತೇನು?" ಈ ಪ್ರಶ್ನೆ ನಮಗೆ ಹೊಸದಲ್ಲ. ನಾನು ಸಿರಿಂಜಿನಲ್ಲಿ ಉಳಿದಿದ್ದ ರಕ್ತಕ್ಕೆ ಸ್ವಲ್ಪ ಗಾಳಿ ಎಳೆದುಕೊಂಡು ಮೆಲ್ಲಗೆ ಆ ಕಡೆ ಈ ಕಡೆ ವಾಲಿಸಿದೆ. ನೇರಳೆ ಹಣ್ಣಿನಂತಿದ್ದದ್ದು ಕಣ್ಣೆದುರೇ ಕೆಂಪು ಕುಂಕುಮವಾಯಿತು. "ಗಾಳಿ ಕುಡೀತ್ರಿ ಅಜ್ಜಿ, ಅಷ್ಟ" ಅಂದೆ.

ಗಾಳಿಯಲ್ಲಿದ್ದ ಆಕ್ಸಿಜನ್ ಕುಡಿದದ್ದು ರಕ್ತದೊಳಗಿನ ಕಬ್ಬಿಣ. ರಕ್ತದಲ್ಲಿ ಆಕ್ಸಿಜನ್ ಹೊರುವ ಪ್ರೋಟೀನು ಹಿಮೋಗ್ಲೋಬಿನ್; ಅದರಲ್ಲಿ ಹೀಮ್ ಎಂಬ ನಾಲ್ಕು ಬಿಲ್ಲೆಗಳಿವೆ. ಒಂದೊಂದರ ನಡುವೆ ಒಂದೊಂದು ಕಬ್ಬಿಣದ ಪರಮಾಣು. ಅದರ ಹೊರಗಿನ ಆರು ಎಲೆಕ್ಟ್ರಾನುಗಳಿಗೆ ಐದು ಜಾಗ. ಗದಗದ ಬಸ್ಸು ನೆನೆಸಿಕೊಳ್ಳಿ. ಇಬ್ಬಿಬ್ಬರ ಸೀಟು ಐದು: ಮುಂದೆ ಮೂರು, ಹಿಂದಿನ ಗಾಲಿಯ ಮೇಲೆ ಎರಡು. ರಸ್ತೆ ಚೆನ್ನಾಗಿದ್ದರೆ ಹಿಂದೆ ಕೂತರೂ ತ್ರಾಸಿಲ್ಲ. ಎಲ್ಲರೂ ಒಂದೊಂದು ಸೀಟು ಹಿಡಿಯುತ್ತಾರೆ, ಆರನೆಯವರು ಮಾತ್ರ ಯಾರದೋ ಪಕ್ಕ. ಒಂಟಿಯಾಗಿ ಕೂತವರು ನಾಲ್ವರು. ಇದು ಹೈ ಸ್ಪಿನ್. ಕಬ್ಬಿಣಕ್ಕೆ ಆಕ್ಸಿಜನ್ ಅಂಟಿತು ಅಂದ್ರೆ ರಸ್ತೆ ಹದಗೆಟ್ಟಂತೆ. ಹಿಂದೆ ಕೂತವರ ಸೊಂಟ ಮುರಿಯುತ್ತದೆ, ಅಲ್ವಾ? ಆರೂ ಜನ ಮುಂದಿನ ಮೂರು ಸೀಟಿಗೆ ಜೋಡಿ ಜೋಡಿಯಾಗಿ ಬಂದುಬಿಡುತ್ತಾರೆ. ಇದು ಲೋ ಸ್ಪಿನ್. ಸೀಟು ಬದಲಾದಂತೆ ರಕ್ತದ ಬಣ್ಣವೂ ಬದಲು. (ಆಗ ಒಂದು ಎಲೆಕ್ಟ್ರಾನು ಆಕ್ಸಿಜನ್ ಕಡೆ ಜಾರುತ್ತದೋ ಇಲ್ಲವೋ ಅಂತ ರಸಾಯನದವರು ದಶಕಗಳಿಂದ ವಾದ ಮಾಡಿದ್ದಾರೆ. ಮಾಡಲಿ.)

ಒಂಟಿ ಎಲೆಕ್ಟ್ರಾನು ಇದ್ದಲ್ಲಿ ಆಯಸ್ಕಾಂತದ ಸೆಳೆತ ಇರುತ್ತದೆ. 1936ರಲ್ಲಿ ಪಾಲಿಂಗ್ ಮತ್ತು ಕೊರಿಯೆಲ್ ಎಂಬ ರಸಾಯನ ವಿಜ್ಞಾನಿಗಳು ಅಳೆದು ನೋಡಿದರು: ಆಕ್ಸಿಜನ್ ಬಿಟ್ಟ ಹಿಮೋಗ್ಲೋಬಿನ್ನಿಗೆ ಸೆಳೆತ ಇದೆ, ಹಿಡಿದದ್ದಕ್ಕೆ ಇಲ್ಲ. ಮೆದುಳಿನ ಯಾವ ಭಾಗ ಚುರುಕಾಗಿದೆ ಅಂತ ತೋರಿಸುವ ಎಂಆರ್‌ಐ ಇದೇ ವ್ಯತ್ಯಾಸವನ್ನು ಹಿಡಿಯುತ್ತದೆ. ಅದಕ್ಕೆ ಅಷ್ಟು ದೊಡ್ಡ ಯಂತ್ರ ಬೇಕು. ರಕ್ತದಲ್ಲಿ ಕಬ್ಬಿಣ ಇದೆ ಅಂತ ಮ್ಯಾಗ್ನೆಟ್ ಬಳೆ ಮಾರುವವರಿಗೆ ಸುಮ್ನೆ ದುಡ್ಡು ಕೊಡಬೇಡಿ.

ನನಗೆ ಜಾಸ್ತಿ ಇಷ್ಟವಾದದ್ದು ಬೇರೆ. ಹೈ ಸ್ಪಿನ್ ಕಬ್ಬಿಣ ತುಸು ದಪ್ಪ. ಹೀಮಿನ ನಡುವಿನ ತೂತಿನಲ್ಲಿ ಹಿಡಿಸದೆ ಸುಮಾರು 0.4 ಆಂಗ್‌ಸ್ಟ್ರಾಮ್ ಹೊರಗೆ ನಿಲ್ಲುತ್ತದೆ. ಒಂದು ಮಿಲಿಮೀಟರನ್ನು ಕೋಟಿ ಪಾಲು ಮಾಡಿದರೆ ಒಂದು ಆಂಗ್‌ಸ್ಟ್ರಾಮ್. ಹೀಮೂ ಹಂಚಿನ ಮೇಲಿನ ರೊಟ್ಟಿಯ ಹಾಗೆ ಆ ಕಡೆಗೆ ಉಬ್ಬಿರುತ್ತದೆ. ಆಕ್ಸಿಜನ್ ಸಿಕ್ಕಿತೋ, ಕಬ್ಬಿಣ ಸಣ್ಣಗಾಗಿ ತೂತಿಗೆ ಇಳಿಯುತ್ತದೆ, ರೊಟ್ಟಿ ಚಪ್ಪಟೆಯಾಗುತ್ತದೆ. ಇಳಿಯುವಾಗ ಬೆನ್ನಿಗೆ ಅಂಟಿದ ಹಿಸ್ಟಿಡಿನ್ ಎಂಬ ಪ್ರೋಟೀನಿನ ತುಣುಕನ್ನೂ ಜಗ್ಗುತ್ತದೆ. ಆ ಜಗ್ಗಾಟಕ್ಕೆ ಪ್ರೋಟೀನೇ ಹೊರಳಿ, ಉಳಿದ ಕಬ್ಬಿಣಗಳಿಗೂ ಆಕ್ಸಿಜನ್ ಹಿಡಿಯೋದು ಸಲೀಸು. ಇದನ್ನು 1970ರಲ್ಲಿ ಬಿಡಿಸಿ ಹೇಳಿದವರು ವಿಜ್ಞಾನಿ ಮ್ಯಾಕ್ಸ್ ಪೆರುಟ್ಜ್.

ನಿಜವಾಗಿ ಕೆಟ್ಟ ರಕ್ತವೂ ಬರುತ್ತದೆ. ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್ ಮಾತ್ರೆ, ನೈಟ್ರೈಟ್ ಲವಣ ಇಂಥವುಗಳಿಂದ ಕಬ್ಬಿಣ ಒಂದು ಎಲೆಕ್ಟ್ರಾನು ಕಳೆದುಕೊಂಡರೆ ಅದು ಮೆಟ್‌ಹಿಮೋಗ್ಲೋಬಿನ್. ಆಕ್ಸಿಜನ್ ಹಿಡಿಯಲ್ಲ. ಅದು ಜಾಸ್ತಿಯಾದರೆ ಬೆರಳಿಗೆ ಹಾಕಿ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಶೇಕಡಾ 85ರ ಸುತ್ತ ನಿಂತುಬಿಡುತ್ತದೆ, ಆಕ್ಸಿಜನ್ ಮಾಸ್ಕ್ ಹಾಕಿದರೂ ಏರಲ್ಲ. ಅಂಥ ಸ್ಯಾಂಪಲ್ ಬಂದಾಗ ಫಿಲ್ಟರ್ ಪೇಪರಿನ ಮೇಲೆ ಒಂದು ಹನಿ ಬಿಡುತ್ತೇನೆ. ಪಕ್ಕದಲ್ಲಿ ನನ್ನ ರಕ್ತದ್ದೊಂದು ಹನಿ. ನನ್ನದು ಗಾಳಿಗೆ ಕೆಂಪಗಾಗುತ್ತದೆ. ಅದು ಚಾಕೊಲೇಟ್ ಬಣ್ಣದಲ್ಲೇ ಉಳಿದರೆ ರಿಪೋರ್ಟ್ ಟೈಪ್ ಆಗುವವರೆಗೂ ಕಾಯದೆ ವಾರ್ಡಿಗೆ ಫೋನ್ ಹಚ್ಚುತ್ತೇನೆ.