ಕೆಂಪು ಗಡ್ಡದ ವೈದ್ಯನೂ ಅಕ್ಕಿ ಚೀಲವೂ

ರೋಗ ಗುಣಪಡಿಸುವ ಶಕ್ತಿ ನಮ್ಮ ವಿದ್ಯೆಗೆ ನಿಜವಾಗಿ ಇಲ್ಲ, ನಾವು ಹೋರಾಡಬಹುದಾದದ್ದು ಬಡತನ ಮತ್ತು ಅಜ್ಞಾನದ ವಿರುದ್ಧ ಮಾತ್ರ. ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ 1965ರಲ್ಲಿ ತೆಗೆದ ‘ಅಕಾಹಿಗೆ’ ಚಿತ್ರದಲ್ಲಿ ಕೆಂಪು ಗಡ್ಡದ ವೈದ್ಯ ನೀಡೆ ಹೇಳುವ ಮಾತಿನ ಸಾರ ಇದು. ನಾಗಸಾಕಿಯಲ್ಲಿ ಡಚ್ ವೈದ್ಯಶಾಸ್ತ್ರ ಕಲಿತು, ಜಪಾನನ್ನು ಆಳುತ್ತಿದ್ದ ಸೇನಾಧಿಪತಿ ಶೋಗನ್ನನ ಆಸ್ಥಾನ ಸೇರುವ ಆಸೆ ಹೊತ್ತು ಬಂದ ಯುವ ವೈದ್ಯ ಯಾಸುಮೊಟೊ ಇಂಥ ಗುರುವಿನ ಕೈಗೆ ಸಿಕ್ಕಿಬೀಳುತ್ತಾನೆ.

ಕಥೆ ಕಲ್ಪಿತ, ಆಸ್ಪತ್ರೆ ನಿಜ. ಜನರ ಅಹವಾಲಿಗೆಂದು ಶೋಗನ್ ಯೋಶಿಮುನೆ ಇಡಿಸಿದ್ದ ಪೆಟ್ಟಿಗೆಗೆ ಒಗಾವಾ ಶೋಸೆನ್ ಎಂಬ ವೈದ್ಯ ಅರ್ಜಿ ಹಾಕಿದ. 1722ರಲ್ಲಿ ಎಡೋ (ಈಗಿನ ಟೋಕಿಯೊ) ನಗರದ ಕೊಯಿಶಿಕಾವಾ ಔಷಧಿ ತೋಟದೊಳಗೆ ಬಡವರ ಚಿಕಿತ್ಸಾಲಯ ತೆರೆಯಿತು. ಆ ತೋಟ ಈಗ ಟೋಕಿಯೊ ವಿಶ್ವವಿದ್ಯಾಲಯದ ಸಸ್ಯೋದ್ಯಾನ.

ಚಿತ್ರ ನಡೆಯುವುದು 19ನೇ ಶತಮಾನದ ಮೊದಲ ಭಾಗದಲ್ಲಿ. ಜಪಾನಿನ ವೈದ್ಯರು ಆಗ ಹಿಂದುಳಿದಿದ್ದರು ಎನ್ನುವಂತಿಲ್ಲ. ಹನಾಒಕಾ ಸೇಶು 1804ರಲ್ಲೇ ದತ್ತೂರಿ ಬೆರೆತ ಕಷಾಯ ಕುಡಿಸಿ, ಪ್ರಜ್ಞೆ ತಪ್ಪಿಸಿ, ಸ್ತನದ ಗೆಡ್ಡೆ ತೆಗೆದಿದ್ದ. ಪಶ್ಚಿಮದಲ್ಲಿ ಅರಿವಳಿಕೆಗೆ ಈಥರ್ ಬಂದದ್ದು ಅದಾಗಿ ನಾಲ್ಕು ದಶಕದ ಮೇಲೆ. ಆದರೆ ಕ್ಷಯದಂಥ ಸೋಂಕಿನ ಎದುರು ಎಲ್ಲ ದೇಶದ ವೈದ್ಯರೂ ಬರಿಗೈ. ರಾಬರ್ಟ್ ಕೋಖ್ ಕ್ಷಯದ ಬ್ಯಾಕ್ಟೀರಿಯಾ ತೋರಿಸಿದ್ದು 1882ರಲ್ಲಿ, ಅದನ್ನು ಕೊಲ್ಲುವ ಔಷಧಿ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ.

ಚಿತ್ರದಲ್ಲಿ ನನ್ನ ಮಟ್ಟಿಗೆ ಅತ್ಯಂತ ವೈಜ್ಞಾನಿಕವಾದ ದೃಶ್ಯ ನಗೆ ತರಿಸುವಂಥದ್ದು. ತಿಂದು ತಿಂದು ಊದಿದ ಪ್ರಭುವಿಗೆ ನೀಡೆ ಪಥ್ಯ ವಿಧಿಸಿ, ದೊಡ್ಡ ಶುಲ್ಕ ಕಿತ್ತುಕೊಳ್ಳುತ್ತಾನೆ. ಹಣ ಹೋಗುವುದು ಬಡ ರೋಗಿಗಳ ಆರೈಕೆಗೆ. ಅಲ್ಲಿ ಊಟ ಹೆಚ್ಚಾಗಿ ಕಾಯಿಲೆ, ಇಲ್ಲಿ ಸಾಲದೆ ಕಾಯಿಲೆ.

ಹೊಟ್ಟೆಗೆ ಸಾಲದ ಊಟ ಕ್ಷಯಕ್ಕೆ ಬಾಗಿಲು ತೆರೆಯುತ್ತದೆ. ಒಳಹೊಕ್ಕ ಬ್ಯಾಕ್ಟೀರಿಯಾವನ್ನು ಸುತ್ತುವರಿದು ಕಟ್ಟಿಹಾಕುವುದು ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ಟಿ-ಕೋಶಗಳ ನೆರವಿನಿಂದ ನಡೆಯುವ ಕೆಲಸ. ಅಪೌಷ್ಟಿಕತೆ ಆ ಕೋಶಗಳನ್ನೇ ಸೊರಗಿಸುತ್ತದೆ. ಇಂಗ್ಲೆಂಡಿನಲ್ಲಿ ಕ್ಷಯದ ಸಾವುಗಳು ಬಹುಪಾಲು ಇಳಿದದ್ದು ಔಷಧಿ ಬರುವ ಮುನ್ನವೇ, ಮುಖ್ಯವಾಗಿ ಆಹಾರ ಸುಧಾರಿಸಿದ್ದರಿಂದ ಎಂದು ಬ್ರಿಟನ್ನಿನ ವೈದ್ಯ ಥಾಮಸ್ ಮೆಕ್‌ಕಿಯೋನ್ ವಾದಿಸಿದ್ದರು. ಕಾರಣದ ಬಗ್ಗೆ ತಕರಾರು ಎದ್ದವು. ಹಳೆಯ ಅಂಕಿಅಂಶಗಳಿಂದ ಅದು ತೀರುವಂಥದ್ದೂ ಅಲ್ಲ.

ಪ್ರಯೋಗವೇ ಬೇಕಿತ್ತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಅದನ್ನು ಜಾರ್ಖಂಡ್‌ನಲ್ಲಿ ಮಾಡಿದರು. ಫಲಿತಾಂಶ 2023ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗಳಲ್ಲಿ ಬಂತು. ಕ್ಷಯ ರೋಗಿಗಳಿಗೆಲ್ಲ ಪಡಿತರ ಸಿಕ್ಕಿತು. ಅರ್ಧದಷ್ಟು ಮನೆಗಳಲ್ಲಿ ಉಳಿದವರಿಗೂ ತಲಾ 5 ಕಿಲೊ ಅಕ್ಕಿ, 1.5 ಕಿಲೊ ಬೇಳೆ ಮತ್ತು ವಿಟಮಿನ್ ಮಾತ್ರೆಗಳನ್ನು ತಿಂಗಳು ತಿಂಗಳು ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಸುಮಾರು ಶೇ 39ರಷ್ಟು, ಶ್ವಾಸಕೋಶದ ಸಾಂಕ್ರಾಮಿಕ ಕ್ಷಯವಂತೂ ಶೇ 48ರಷ್ಟು ಕಡಿಮೆಯಾಯಿತು.