ಡುರಾಂಗ್ಸ್ ಹಾರ್ನ್‌ಪೈಪ್: ಕಟ್ಟಿದವನ ಹೆಸರು ಉಳಿದ ಒಂದು ಜಾನಪದ ಮಟ್ಟು

ಜಾನಪದ ಮಟ್ಟುಗಳನ್ನು ಯಾರು ಕಟ್ಟಿದರು ಎಂದು ಕೇಳಿದರೆ, 'ನಮ್ಮಜ್ಜ ನುಡಿಸ್ತಿದ್ದ' ಎನ್ನುವಲ್ಲಿಗೆ ಮಾತು ನಿಂತುಬಿಡುತ್ತದೆ. ಅಮೆರಿಕದ ಹಳ್ಳಿಗಾಡಿನ ಪಿಟೀಲುಗಾರರು ಇನ್ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ನುಡಿಸುತ್ತಿರುವ 'ಡುರಾಂಗ್ಸ್ ಹಾರ್ನ್‌ಪೈಪ್' ಹಾಗಲ್ಲ. ಯಾರು ಕಟ್ಟಿದರು, ಯಾವ ಊರಲ್ಲಿ, ಯಾವ ವರ್ಷ, ಯಾರಿಗಾಗಿ ಎಂಬುದೆಲ್ಲ ಬರಹದಲ್ಲೇ ಇದೆ. ಹಾಗಿದ್ದೂ ಅದು ಅಪ್ಪಟ ಜಾನಪದ ಮಟ್ಟಾಯಿತು. ಹೇಗೆ?

ಸ್ವಲ್ಪ ಹಿಂದಕ್ಕೆ ಹೋಗೋಣ. ಹಾರ್ನ್‌ಪೈಪ್ ಮೊದಲು ಒಂದು ವಾದ್ಯ. ತುದಿಗೆ ದನದ ಕೊಂಬು ಜೋಡಿಸಿದ, ಊದುವ ಕೊಳವೆ. ಆಮೇಲೆ ಆ ಹೆಸರು ಬ್ರಿಟನ್ನಿನ ಒಂದು ಕುಣಿತಕ್ಕೆ ಬಂತು. ಪರ್ಸೆಲ್, ಹ್ಯಾಂಡೆಲ್ ಎಂಬ ಸಂಗೀತ ರಚನಕಾರರ ಕಾಲದ ಹಾರ್ನ್‌ಪೈಪುಗಳು ಮೂರರ ನಡೆಯಲ್ಲಿದ್ದವು. 18ನೇ ಶತಮಾನ ಅರ್ಧ ಕಳೆಯುವ ಹೊತ್ತಿಗೆ ನಾಲ್ಕರ ನಡೆ ಬಂತು, ಜಾಗವೂ ಬದಲಾಯಿತು. ಲಂಡನ್ನಿನ ನಾಟಕಶಾಲೆಗಳಲ್ಲಿ ಅಂಕಗಳ ನಡುವೆ ಜನರನ್ನು ಹಿಡಿದಿಡಲು ಒಬ್ಬರೇ ಬಂದು ಕುಣಿಯುವ ತುಣುಕು ಅದಾಯಿತು. 1759ರಲ್ಲಿ ನ್ಯಾನ್ಸಿ ಡಾಸನ್ ಕೋವೆಂಟ್ ಗಾರ್ಡನ್ನಿನಲ್ಲಿ ಹಾರ್ನ್‌ಪೈಪ್ ಕುಣಿದು ರಾತ್ರೋರಾತ್ರಿ ಹೆಸರು ಮಾಡಿದಳು. ತಮಾಷೆಯೆಂದರೆ ಅವಳ ಮಟ್ಟು ಇದ್ದದ್ದು ಇನ್ನೊಂದು ಕುಣಿತವಾದ ಜಿಗ್‌ನ ಆರರ ನಡೆಯಲ್ಲಿ. ತಾಳದ ಲೆಕ್ಕ ಆಗಿನ್ನೂ ಅಷ್ಟು ಬಿಗಿಯಾಗಿರಲಿಲ್ಲ.

ಈ ರಂಗದ ಕುಣಿತ ಅಟ್ಲಾಂಟಿಕ್ ದಾಟಿತು. ಜಾನ್ ಡುರಾಂಗ್ ಹುಟ್ಟಿದ್ದು 1768ರಲ್ಲಿ, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ. ಅಮೆರಿಕದಲ್ಲೇ ಹುಟ್ಟಿ ಕುಣಿತವನ್ನೇ ಕಸುಬು ಮಾಡಿಕೊಂಡವರಲ್ಲಿ ಇವನೇ ಮೊದಲಿಗ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹದಿಹರೆಯದಲ್ಲೇ ಹ್ಯಾಲಮ್ ನಾಟಕ ಕಂಪನಿ ಸೇರಿದ. ಆಗ ಫಿಲಡೆಲ್ಫಿಯಾದಲ್ಲಿ ನಾಟಕಕ್ಕೆ ನಿಷೇಧ. ಅದು ತೆರವಾದದ್ದು 1789ರಲ್ಲಿ. ಅಲ್ಲಿಯವರೆಗೆ ಕಂಪನಿಯವರು 'ಉಪನ್ಯಾಸ' ಎಂದು ಬೋರ್ಡು ಹಾಕಿ ಸುಮ್ನೆ ನಾಟಕ ಆಡುತ್ತಿದ್ದರು!

1785ರಲ್ಲಿ ಡುರಾಂಗ್ ನ್ಯೂಯಾರ್ಕಿನಲ್ಲಿದ್ದ. ಅಲ್ಲಿ ಇಬ್ಬರ ಹತ್ತಿರ ಪಿಟೀಲು ಕಲಿತ. ಒಬ್ಬ ಫೈಲ್, 'ಪ್ರೆಸಿಡೆಂಟ್ಸ್ ಮಾರ್ಚ್' ಎಂಬ ನಡಿಗೆಯ ಮಟ್ಟು ಕಟ್ಟಿದವನು ಎಂದು ಇವನನ್ನೇ ಹೆಸರಿಸುತ್ತಾರೆ. ಇನ್ನೊಬ್ಬ ಹಾಫ್‌ಮಾಸ್ಟರ್. ಮೂರಡಿ ಎತ್ತರದ ಕುಳ್ಳ, ದೊಡ್ಡ ತಲೆ, ದೊಡ್ಡ ಕೈಕಾಲು, ಹೆಂಡತಿಯೂ ಅಷ್ಟೇ ಎತ್ತರ, ಒಳ್ಳೆಯ ಸಂಗೀತಗಾರ ಎಂದು ಡುರಾಂಗ್ ತನ್ನ ನೆನಪಿನ ಬರಹದಲ್ಲಿ ವರ್ಣಿಸಿದ್ದಾನೆ. ಈ ಹಾರ್ನ್‌ಪೈಪನ್ನು ಹಾಫ್‌ಮಾಸ್ಟರ್ ತನಗೆಂದೇ ಕಟ್ಟಿಕೊಟ್ಟ ಎಂದೂ, ಮುಂದೆ ಅದನ್ನು ಪೇಟೆಗಳಲ್ಲಷ್ಟೇ ಅಲ್ಲ, ಬ್ಲೂ ಮೌಂಟನ್ಸ್ ಬೆಟ್ಟಗಳ ಆಚೆಗೂ ಕೇಳಿದೆ ಎಂದೂ ಬರೆದಿದ್ದಾನೆ. ಜೊತೆಗೆ ಮಟ್ಟಿನ ಸ್ವರಲಿಪಿಯನ್ನೂ ಕೊಟ್ಟಿದ್ದಾನೆ. ಅಂದರೆ ಡುರಾಂಗ್ ಬದುಕಿದ್ದಾಗಲೇ, 1822ಕ್ಕೂ ಮೊದಲೇ, ಮಟ್ಟು ಕುಣಿತಗಾರನ ಕೈಬಿಟ್ಟು ಹಳ್ಳಿ ಸೇರಿತ್ತು.

ಆದರೆ ಆ ಬರಹ ಅಚ್ಚಾದದ್ದು 1966ರಲ್ಲಿ. ನಡುವಿನ ಕಾಲದಲ್ಲಿ ಪಿಟೀಲುಗಾರರು ಮಟ್ಟನ್ನು ನುಡಿಸಿದರು, ಕಲಿಸಿದರು, ತಮಗೆ ಬೇಕಾದಂತೆ ತಿದ್ದಿದರು. ಡುರಾಂಗ್ ಎಂದರೆ ಮನುಷ್ಯನೋ ಊರೋ ಎಂಬುದು ಎಷ್ಟೋ ಜನಕ್ಕೆ ಬೇಕಾಗಿಯೂ ಇರಲಿಲ್ಲ. ಹಾಫ್‌ಮಾಸ್ಟರನ ಹೆಸರಂತೂ ಮಟ್ಟಿಗೆ ಅಂಟಲೇ ಇಲ್ಲ. ರಂಗದ ಮಟ್ಟುಗಳ ರೂಢಿಯೇ ಹಾಗೆ: ಕಟ್ಟಿದವನಿಗಿಂತ ಕುಣಿದವನಿಗೆ, ಕುಣಿಸಿದವನಿಗೆ ಹೆಸರು ಜಾಸ್ತಿ. 1793ರಲ್ಲಿ ಫಿಲಡೆಲ್ಫಿಯಾದಲ್ಲಿ ಸರ್ಕಸ್ ತೆರೆದ ಜಾನ್ ಬಿಲ್ ರಿಕೆಟ್ಸ್ ಹೆಸರಿನಲ್ಲೂ ಒಂದು ಹಾರ್ನ್‌ಪೈಪ್ ಇದೆ. ಆ ಸರ್ಕಸ್ಸಿನಲ್ಲಿ ಡುರಾಂಗ್ ಕೂಡ ಕೆಲಸ ಮಾಡಿದ್ದ.

ಡುರಾಂಗ್ ಹೇಗೆ ಕುಣಿಯುತ್ತಿದ್ದ ಎಂಬುದರ ಸುಳಿವು ಮಗ ಚಾರ್ಲ್ಸ್‌ನಿಂದ ಸಿಗುತ್ತದೆ. ಅವನು 19ನೇ ಶತಮಾನದ ನಡುವಿನಲ್ಲಿ ಅಚ್ಚು ಹಾಕಿಸಿದ ಕುಣಿತದ ಕೈಪಿಡಿಯಲ್ಲಿ ಹಳೇ ಶೈಲಿಯ ನಾವಿಕರ ಹಾರ್ನ್‌ಪೈಪಿನ ಹೆಜ್ಜೆಗಳ ಪಟ್ಟಿ ಇದೆ. ಗ್ಲಿಸಾಡ್, ಆಂತ್ರೆಶಾ ಎಂಬ ಫ್ರೆಂಚ್ ಬ್ಯಾಲೆ ಹೆಜ್ಜೆಗಳ ಪಕ್ಕದಲ್ಲೇ ಡಬಲ್ ಶಫಲ್, ಪಿಜನ್ ವಿಂಗ್, ಹಿಮ್ಮಡಿಯ ಮೇಲೆ ಓಟ. ನನಗೆ ಈ ಪಟ್ಟಿಯೇ ದೊಡ್ಡ ಸಾಕ್ಷಿ. 'ನಾವಿಕರ ಕುಣಿತ' ಎಂದು ನಾವು ನಂಬಿರುವುದರಲ್ಲಿ ಹಡಗಿನ ಹಲಗೆಗಿಂತ ನಾಟಕದ ಹಲಗೆಯ ಪಾಲೇ ಜಾಸ್ತಿ.

ಇನ್ನು ನುಡಿಸುವ ವಿಷಯ. ಮಟ್ಟು ಡಿ ಮೇಜರ್‌ನಲ್ಲಿದೆ. ನಮ್ಮ ಶಂಕರಾಭರಣದ ಸ್ವರಗಳು. ಎರಡು ಭಾಗ, ಪ್ರತಿಯೊಂದನ್ನೂ ಎರಡೆರಡು ಸಲ ನುಡಿಸಬೇಕು. ಅಲ್ಲಿನ ಪಿಟೀಲಿನ ಶ್ರುತಿ ಜಿ-ಡಿ-ಎ-ಇ. ಹಾಗಾಗಿ ಡಿ, ಎ ಎರಡೂ ಖಾಲಿ ತಂತಿಗಳಲ್ಲೇ ಸಿಗುತ್ತವೆ. ಮಟ್ಟು ನುಡಿಸುತ್ತಲೇ ಪಕ್ಕದ ತಂತಿಯನ್ನೂ ಉಜ್ಜಿ ಝೇಂಕಾರ ತರಿಸಬಹುದು. ಹಳ್ಳಿ ಪಿಟೀಲಿಗೆ ಡಿ ಮೇಜರ್ ಅಷ್ಟು ಪ್ರಿಯವಾಗಲು ಇದೂ ಒಂದು ಕಾರಣ.

ಇಂಗ್ಲೆಂಡ್, ಐರ್ಲೆಂಡ್ ಕಡೆ ಹಾರ್ನ್‌ಪೈಪನ್ನು ಸ್ವಲ್ಪ ನಿಧಾನವಾಗಿ, ಒಂದು ಸ್ವರ ಉದ್ದ ಒಂದು ಗಿಡ್ಡ ಎಂಬಂತೆ ಕುಂಟಿಸಿ ನುಡಿಸುತ್ತಾರೆ. ಭಾಗದ ಕೊನೆಗೆ ಮೂರು ಗಟ್ಟಿ ಪೆಟ್ಟು. ಕುಣಿಯುವವನ ಕಾಲು ನೆಲಕ್ಕೆ ಬೀಳುವ ಜಾಗ ಅದು. ಅಮೆರಿಕದ 'ಓಲ್ಡ್ ಟೈಮ್' ಎಂಬ ಹಳೇ ಹಳ್ಳಿ ಶೈಲಿಯ ವಾದಕರು ಈ ಕುಂಟುವಿಕೆಯನ್ನೇ ಕೈಬಿಟ್ಟರು. ರಂಗದ ಮೇಲೆ ಒಬ್ಬನೇ ಕುಣಿಯುವಾಗ ಪ್ರತಿ ಹೆಜ್ಜೆಯೂ ಕೇಳಿಸಬೇಕು, ನಿಧಾನ ಬೇಕು. ಹಳ್ಳಿಯ ದೊಡ್ಡ ಕಣಜದ ಕಟ್ಟಡದಲ್ಲಿ ಹತ್ತಾರು ಜೋಡಿ ಒಟ್ಟಿಗೆ ಕುಣಿಯುವಾಗ ಬೇಕಾದದ್ದು ಓಟ. ಹಾಗಾಗಿ ಅವರ ಕೈಯಲ್ಲಿ ಇದು ರೀಲ್ ಎಂಬ ಓಟದ ಕುಣಿತದ ಮಟ್ಟಾಗಿಬಿಟ್ಟಿದೆ. ಕಮಾನಿನ ಎಳೆತವೂ ಬೇರೆ: ಒಂದು ಉದ್ದ, ಎರಡು ಗಿಡ್ಡ, ಮತ್ತೆ ಒಂದು ಉದ್ದ.

ಮಟ್ಟುಗಳು ಹೀಗೆ ಕಡಲು ದಾಟಿದ್ದು ನಮಗೂ ಹೊಸದಲ್ಲ. ಡುರಾಂಗನಿಗಿಂತ ಏಳು ವರ್ಷ ಚಿಕ್ಕವರಾದ ಮುತ್ತುಸ್ವಾಮಿ ದೀಕ್ಷಿತರು ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡಿನವರು ತಂದ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಬರೆದರು. ನೊಟ್ಟುಸ್ವರ ಎಂದು ಮಕ್ಕಳು ಇಂದೂ ಹಾಡುವ ಕೃತಿಗಳು ಅವೇ. ಅದರಲ್ಲಿ 'ವಂದೇ ಮೀನಾಕ್ಷಿ' ಐರ್ಲೆಂಡಿನ ಒಂದು ಕುಣಿತದ ಮಟ್ಟು.

ಡುರಾಂಗ್ ಬರೆದಿಟ್ಟ ಸ್ವರಲಿಪಿಯೇ 'ಅಸಲಿ', ಉಳಿದದ್ದೆಲ್ಲ ಕೆಟ್ಟ ನಕಲು ಎನ್ನುವವರ ಜೊತೆ ನನ್ನ ತಕರಾರಿದೆ. ಅದು ಒಬ್ಬ ಕುಣಿತಗಾರ ಎಷ್ಟೋ ವರ್ಷಗಳ ಮೇಲೆ ನೆನಪಿನ ಬರಹದಲ್ಲಿ ಸೇರಿಸಿದ ಪಾಠ. ಕಲಿಯುವವರು ಅದನ್ನೂ ನೋಡಲಿ. ಕಮಾನು ಹಿಡಿಯುವ ಮೊದಲು ಮಾತ್ರ ಮಿಸೌರಿ, ಟೆಕ್ಸಸ್ ಕಡೆಯ ಹಳೇ ವಾದಕರ ನಾಲ್ಕಾರು ಧ್ವನಿಮುದ್ರಣ ಕೇಳುವುದು ಒಳ್ಳೆಯದು. ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ.