ಎಲುಬಿನ ಸಾರು ಬೆಳ್ಳಗಾಗುವ ಬಗೆ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಜೊಂಗ್ನೊ ಎಂಬ ಹಳೆಯ ಪೇಟೆ ಇದೆ. ಅಲ್ಲಿನ ಇಮುನ್ ಎಂಬ ಊಟದ ಮನೆ 1904ರಿಂದ ನಡೆದುಬಂದಿದೆ ಎನ್ನುತ್ತಾರೆ. ನಗರದ ಅತಿ ಹಳೆಯ ಊಟದ ಮನೆ ಎಂಬ ಹೆಸರೂ ಅದಕ್ಕಿದೆ. ಅದರ ಕೀರ್ತಿಗೆ ಕಾರಣ ಒಂದು ಸಾರು, ಸೊಲ್ಲೊಂಗ್‌ತಾಂಗ್. ದನದ ಎಲುಬನ್ನು ಗಂಟೆಗಟ್ಟಲೆ ಕುದಿಸಿ ಇದನ್ನು ಮಾಡುತ್ತಾರೆ. ಇಂಥ ಊಟದ ಮನೆಗಳಲ್ಲಿ ಮಣ್ಣಿನ ಬಟ್ಟಲು ಎದುರಿಗೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಆಗತಾನೆ ಕಾಯಿಸಿಳಿಸಿದ ಹಾಲಿನಂಥ ಬಿಳುಪು. ಆದರೆ ಸರಿಯಾಗಿ ಮಾಡಿದ ಸಾರಿನಲ್ಲಿ ಹಾಲಿನ ಒಂದು ತೊಟ್ಟೂ ಇರುವುದಿಲ್ಲ.

ಹಾಗಾದರೆ ಆ ಬಿಳುಪು ಎಲ್ಲಿಂದ ಬಂತು? ಎಲುಬಿನ ಸುಣ್ಣ, ಅಂದರೆ ಕ್ಯಾಲ್ಸಿಯಂ ಇರುವ ಖನಿಜ, ಕರಗಿ ಬಂತು ಎಂದು ಊಹಿಸುವುದು ಸಹಜ. ಎಲುಬು ಬಿಳಿ, ಸುಣ್ಣ ಬಿಳಿ, ಸಾರೂ ಬಿಳಿ. ಮುರಿದ ಮೂಳೆ ಕೂಡಲೆಂದು ಕೊರಿಯಾದ ಮನೆಗಳಲ್ಲಿ ಎಲುಬಿನ ಸಾರು ಕುಡಿಸುವ ರೂಢಿ ಬಹಳ ಹಿಂದಿನದು. ಕೈಕಾಲು ಮುರಿದುಕೊಂಡವರಿಗೆ ನಮ್ಮಲ್ಲೂ ಕಾಲು ಸೂಪು ಕುಡಿಸುತ್ತಾರೆ. ಎರಡೂ ಕಡೆಯ ನಂಬಿಕೆ ಒಂದೇ: ಎಲುಬು ತಿಂದರೆ ಎಲುಬು ಬೆಳೆಯುತ್ತದೆ. ಪ್ರೀತಿಯಿಂದ ಹುಟ್ಟಿದ ನಂಬಿಕೆಯಾದ್ದರಿಂದ ಅದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ತಪ್ಪಲೆಯೊಳಗೆ ನಡೆಯುವುದೇ ಬೇರೆ, ಮತ್ತು ಅದು ಈ ಊಹೆಗಿಂತ ಸೊಗಸಾಗಿದೆ.

ಅಡುಗೆಯನ್ನೇ ಹತ್ತಿರದಿಂದ ನೋಡೋಣ. ಇದಕ್ಕೆ ಹೆಚ್ಚಾಗಿ ಬಳಸುವುದು ಕಾಲಿನ ಎಲುಬು. ಕೊರಿಯನ್ನರು ಅದನ್ನು ಸಾಗೊಲ್ ಎನ್ನುತ್ತಾರೆ. ನಾಲ್ಕು ಕಾಲಿನ ಎಲುಬು ಎಂದು ಅರ್ಥ. ಮೊದಲು ಅದನ್ನು ತಣ್ಣೀರಿನಲ್ಲಿ ಕೆಲವು ಗಂಟೆ ನೆನೆಹಾಕಿ, ನೀರು ಬದಲಿಸುತ್ತಾ ರಕ್ತವನ್ನೆಲ್ಲ ಹೊರತೆಗೆಯುತ್ತಾರೆ. ಆಮೇಲೆ ಒಂದು ಕುದಿ ಬರಿಸಿ, ಬೂದುಬಣ್ಣದ ನೊರೆ ಎದ್ದ ಆ ನೀರನ್ನು ಪೂರ್ತಿ ಚೆಲ್ಲಿ, ಎಲುಬುಗಳನ್ನು ಒಂದೊಂದಾಗಿ ತೊಳೆಯುತ್ತಾರೆ. ಈ ಹಂತದಲ್ಲಿ ಸೋಮಾರಿತನ ಮಾಡಿದರೆ ಸಾರು ಕಂದಾಗುತ್ತದೆ, ವಾಸನೆ ಹೊಡೆಯುತ್ತದೆ. ಹೊಸ ನೀರು ಹಾಕಿದ ಮೇಲೆಯೇ ನಿಜವಾದ ಕೆಲಸ ಶುರು.

ಎಲುಬಿನಲ್ಲಿ ಖನಿಜದ ಜೊತೆಗೆ ಕೊಲಾಜೆನ್ ಎಂಬ ಪ್ರೋಟೀನ್ ಹೆಣೆದುಕೊಂಡಿರುತ್ತದೆ. ಮೂರು ಎಳೆಗಳನ್ನು ಹುರಿಗೊಳಿಸಿದ ಹಗ್ಗದಂಥ ರಚನೆ ಅದರದು. ಬಿಸಿನೀರಿನಲ್ಲಿ ಬಹಳ ಹೊತ್ತು ಬೆಂದಾಗ ಹುರಿ ಬಿಚ್ಚಿಕೊಳ್ಳುತ್ತದೆ, ಎಳೆಗಳು ನೀರಿಗಿಳಿಯುತ್ತವೆ. ಹೀಗೆ ಬಿಚ್ಚಿಕೊಂಡ ಕೊಲಾಜೆನ್ನೇ ಜೆಲಾಟಿನ್. ಇತ್ತ ಎಲುಬಿನೊಳಗಿನ ಮಜ್ಜೆಯ ಕೊಬ್ಬು ಕರಗಿ ಮೇಲೆ ತೇಲುತ್ತದೆ. ಉರಿ ಸಣ್ಣಗಿದ್ದರೆ ಅದು ಎಣ್ಣೆಯ ಪದರವಾಗಿಯೇ ಉಳಿದು, ಕೆಳಗಿನ ಸಾರು ತಿಳಿಯಾಗಿರುತ್ತದೆ. ಕೊತಕೊತ ಕುದಿಸಿದರೆ ಮಾತ್ರ ಕುದಿಯ ರಭಸಕ್ಕೆ ಕೊಬ್ಬು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ. ಜೆಲಾಟಿನ್ ಒಂದೊಂದು ಹನಿಗೂ ಹೊದಿಕೆಯಂತೆ ಅಂಟಿಕೊಂಡು, ಅವು ಮತ್ತೆ ಒಂದಾಗದಂತೆ ತಡೆಯುತ್ತದೆ. ಈ ಅಸಂಖ್ಯ ಹನಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಸಾರು ಬೆಳ್ಳಗೆ ಕಾಣುತ್ತದೆ. ಹಾಲು ಬೆಳ್ಳಗಿರುವುದಕ್ಕೂ ಇಂಥದೇ ಕಾರಣ: ನೀರಿನಲ್ಲಿ ತೇಲುವ ಕೊಬ್ಬಿನ ಹನಿಗಳು ಮತ್ತು ಪ್ರೋಟೀನ್ ಕಣಗಳು. ಹಸು ತನ್ನ ಕೆಚ್ಚಲಿನಲ್ಲಿ ಸದ್ದಿಲ್ಲದೆ ಮಾಡುವ ಕೆಲಸವನ್ನು ಅಡುಗೆಯವನು ಬೆಂಕಿಯಿಂದ ಮಾಡುತ್ತಾನೆ. ಮಾಂಸವೇ ಮುಖ್ಯವಾದ, ತಿಳಿಯಾಗಿರುವ ಗೊಮ್‌ತಾಂಗ್ ಎಂಬ ಸಾರೂ ಕೊರಿಯಾದಲ್ಲಿದೆ. ನಾಜು ಊರಿನದು ಹೆಸರುವಾಸಿ.

ಇನ್ನು ಸುಣ್ಣದ ವಿಷಯ. ಎಲುಬಿನ ಖನಿಜವು ಆಮ್ಲಕ್ಕೆ ಕರಗುತ್ತದೆ, ಬರೀ ನೀರಿಗೆ ಬಹುಮಟ್ಟಿಗೆ ಜಗ್ಗುವುದಿಲ್ಲ. ಲಂಡನ್ನಿನಲ್ಲಿ ಮೆಕ್ಯಾನ್ಸ್, ಶೆಲ್ಡನ್ ಮತ್ತು ವಿಡೋಸನ್ ಎಂಬ ಮೂವರು ಸಂಶೋಧಕರು ಮಕ್ಕಳಿಗೆ ಕೊಡುವ ಎಲುಬಿನ ಸಾರನ್ನು ಅಳೆದು ನೋಡಿ, ಅದರಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ ಎಂದು 1934ರಲ್ಲೇ ಬರೆದಿದ್ದರು. ಇದನ್ನು ನಂಬಲು ಪ್ರಯೋಗಾಲಯವೂ ಬೇಡ. ದಿನವಿಡೀ ಬೆಂದ ಎಲುಬನ್ನು ತಪ್ಪಲೆಯಿಂದ ಎತ್ತಿ ಕೈಯಲ್ಲಿ ಹಿಡಿಯಿರಿ. ಮಜ್ಜೆ ಖಾಲಿಯಾಗಿರುತ್ತದೆ, ತುದಿಗಳು ಜೇನುಗೂಡಿನಂತೆ ತೂತು ತೂತಾಗಿರುತ್ತವೆ, ಆದರೂ ಎಲುಬು ಎಲುಬಾಗಿಯೇ ಉಳಿದಿರುತ್ತದೆ. ಸುಣ್ಣದ ಬಹುಪಾಲು ಅಲ್ಲೇ ಇದೆ. ಸಾರಿಗಲ್ಲ, ಕಸಕ್ಕೆ ಹೋಗುತ್ತದೆ. ಕ್ಯಾಲ್ಸಿಯಂ ಬೇಕಾದವರಿಗೆ 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕೊಡುವ ನಮ್ಮ ರಾಗಿಯೇ ಎಷ್ಟೋ ಮೇಲು.

ಅದೇ ಎಲುಬನ್ನು ಮತ್ತೆ ಮತ್ತೆ ನೀರು ಹಾಕಿ ಕುದಿಸುವುದು ಕೊರಿಯಾದಲ್ಲಿ ರೂಢಿ. ಮಾತಿನಲ್ಲೂ ಅದು ಸೇರಿಕೊಂಡಿದೆ: ಹೇಳಿದ್ದನ್ನೇ ಹೇಳುವವರನ್ನು 'ಸಾಗೊಲ್ ಕುದಿಸುತ್ತಿದ್ದಾನೆ' ಎಂಬಂತೆ ಆಡಿಕೊಳ್ಳುತ್ತಾರೆ. ಅಲ್ಲಿನ ಕೃಷಿ ಸಂಶೋಧನೆಯ ಸರ್ಕಾರಿ ಸಂಸ್ಥೆಯ ಸಲಹೆ ಮಾತ್ರ ಸ್ಪಷ್ಟ: ಸುಮಾರು ಆರು ಗಂಟೆಯಂತೆ ಮೂರು ಸಲ ಸಾಕು, ಆಮೇಲೆ ರುಚಿಯೂ ಇಲ್ಲ, ಸತ್ವವೂ ಇಲ್ಲ.

ಹಾಗಾದರೆ ಜೆಲಾಟಿನ್‌ನಿಂದ ಏನು ಲಾಭ? ಈ ಪ್ರಶ್ನೆಗೆ ಯುರೋಪಿನಲ್ಲಿ ಒಂದು ನೋವಿನ ಚರಿತ್ರೆ ಇದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ದಾರ್ಸೆ ಎಂಬ ರಸಾಯನ ವಿಜ್ಞಾನಿ, ಎಲುಬಿನಿಂದ ತೆಗೆದ ಜೆಲಾಟಿನ್ ಮಾಂಸಕ್ಕೆ ಸಾಟಿ ಎಂದು ನಂಬಿದ್ದ. ಆಸ್ಪತ್ರೆಯ ಬಡ ರೋಗಿಗಳಿಗೆ ಅದರದೇ ಸಾರು ಬಡಿಸಿದರು. ದೂರುಗಳು ಬಂದವು, ಸಮಿತಿ ಕೂತಿತು. ಮಜೆಂಡಿ ಎಂಬ ಶರೀರ ವಿಜ್ಞಾನಿಯ ನೇತೃತ್ವದ ಆ ಸಮಿತಿ ವರ್ಷಗಟ್ಟಲೆ ನಾಯಿಗಳ ಮೇಲೆ ಪ್ರಯೋಗ ಮಾಡಿ, ಬರೀ ಜೆಲಾಟಿನ್‌ನಿಂದ ಜೀವ ಉಳಿಯದು ಎಂದು 1841ರಲ್ಲಿ ವರದಿ ಕೊಟ್ಟಿತು. ಏಕೆ ಎಂಬುದಕ್ಕೆ ಉತ್ತರ ಸಿಗಲು ಇನ್ನೂ ಹಲವು ದಶಕ ಬೇಕಾಯಿತು. 1901ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳಾದ ಹಾಪ್ಕಿನ್ಸ್ ಮತ್ತು ಕೋಲ್, ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳಲ್ಲಿ ಒಂದಾದ ಟ್ರಿಪ್ಟೋಫಾನನ್ನು ಬೇರ್ಪಡಿಸಿದರು. ಅದು ನಮ್ಮ ದೇಹಕ್ಕೆ ಆಹಾರದಿಂದಲೇ ಬರಬೇಕು. ಕೊಲಾಜೆನ್‌ನಲ್ಲಿ ಅದು ಇಲ್ಲವೇ ಇಲ್ಲ.

ಈ ಚರಿತ್ರೆ ತಿಳಿದ ಮೇಲೆ ಸೊಲ್ಲೊಂಗ್‌ತಾಂಗ್ ಬಟ್ಟಲನ್ನು ನೋಡಿದರೆ ಕೊರಿಯನ್ನರ ಬಗ್ಗೆ ಗೌರವ ಹೆಚ್ಚುತ್ತದೆ. ಈ ಬಟ್ಟಲಿನಲ್ಲಿ ಅವರು ಬರೀ ಸಾರನ್ನು ಬಡಿಸುವುದಿಲ್ಲ. ಸಾರಿನೊಳಗೆ ತೆಳ್ಳಗೆ ಹೆಚ್ಚಿದ ಮಾಂಸದ ತುಂಡುಗಳು, ಒಂದು ಹಿಡಿ ಸಣ್ಣ ಶಾವಿಗೆ, ಜೊತೆಗೆ ಅನ್ನ, ಮೇಲೆ ಈರುಳ್ಳಿ ಸೊಪ್ಪು, ಪಕ್ಕದಲ್ಲಿ ಕಾಕ್ದುಗಿ ಎಂಬ ಮೂಲಂಗಿ ಕಿಮ್ಚಿ, ಅಂದರೆ ಉಪ್ಪು ಹಾಕಿ ಹುಳಿ ಬರಿಸಿದ ಉಪ್ಪಿನಕಾಯಿ. ಜೆಲಾಟಿನ್‌ನಲ್ಲಿ ಇಲ್ಲದ್ದನ್ನು ಮಾಂಸವೂ ಅನ್ನವೂ ತುಂಬಿಕೊಡುತ್ತವೆ. ಬಟ್ಟಲು ಪೂರ್ಣ ಊಟವಾಗುವುದು ಹೀಗೆ.

ಸಾರಿನ ಕೊಲಾಜೆನ್ ನೇರವಾಗಿ ಹೋಗಿ ಮೊಣಕಾಲಿಗೋ ಚರ್ಮಕ್ಕೋ ಅಂಟಿಕೊಳ್ಳುವುದಿಲ್ಲ. ಹೊಟ್ಟೆಯಲ್ಲಿ ಅದು ಅಮೈನೋ ಆಮ್ಲಗಳಾಗಿ, ಕೆಲವು ಚಿಕ್ಕ ತುಣುಕುಗಳಾಗಿ ಒಡೆಯುತ್ತದೆ. ಕೀಲುನೋವಿಗೆ, ಚರ್ಮಕ್ಕೆ ತುಸು ಪ್ರಯೋಜನ ಕಂಡಿದೆ ಎನ್ನುವ ಅಧ್ಯಯನಗಳು ನಡೆದಿರುವುದು ಬಹುಪಾಲು ಅಳತೆ ಮಾಡಿದ ಕೊಲಾಜೆನ್ ಪುಡಿಯ ಮೇಲೆ. ಸಾರಿನಲ್ಲಿ ಆ ಪ್ರಮಾಣ ಒಂದು ತಪ್ಪಲೆಗೊಂದು ಥರ ಇರುತ್ತದೆ, ಆದ್ದರಿಂದ ಆ ಫಲಿತಾಂಶವನ್ನು ಇದಕ್ಕೆ ಅನ್ವಯಿಸಲಾಗದು. ನನ್ನ ಮಟ್ಟಿಗೆ ಈ ಸಾರಿನ ನಿಜವಾದ ಉಪಕಾರ ಬೇರೆ ಕಡೆ ಇದೆ. ಜ್ವರ ಬಿಟ್ಟು ಎದ್ದವರಿಗೆ, ಹಲ್ಲಿಲ್ಲದ ಹಿರಿಯರಿಗೆ, ಊಟ ಸೇರದವರಿಗೆ ಇದು ಬಿಸಿಬಿಸಿಯಾಗಿ ಸಲೀಸಾಗಿ ಇಳಿಯುತ್ತದೆ. ನೀರು, ಸ್ವಲ್ಪ ಪ್ರೋಟೀನ್, ಸ್ವಲ್ಪ ಕೊಬ್ಬು ಒಟ್ಟಿಗೆ ಸಿಗುತ್ತವೆ.

ಇನ್ನೊಂದು ಒಳ್ಳೆಯ ಗುಣ, ಇದು ಉಪ್ಪಿಲ್ಲದೆ ಮೇಜಿಗೆ ಬರುತ್ತದೆ. ಉಪ್ಪಿನ ಡಬ್ಬಿ ಪಕ್ಕದಲ್ಲಿರುತ್ತದೆ, ಎಷ್ಟು ಬೇಕೆಂಬುದು ತಿನ್ನುವವರಿಗೆ ಬಿಟ್ಟದ್ದು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಿಮ್ಚಿಯಲ್ಲೇ ಉಪ್ಪು ಇರುವಾಗ ರಕ್ತದೊತ್ತಡವಿರುವವರು ಡಬ್ಬಿ ಮುಟ್ಟದಿರುವುದು ಕ್ಷೇಮ. ಕೊಬ್ಬು ಕಡಿಮೆ ಮಾಡಲೂ ಸುಲಭದ ದಾರಿ ಇದೆ. ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಮೇಲೆ ಕೊಬ್ಬು ಬಿಳಿ ಬಿಲ್ಲೆಯಂತೆ ಗಟ್ಟಿಯಾಗಿರುತ್ತದೆ. ಚಮಚದ ಹಿಡಿಯಿಂದ ಅಂಚು ಬಿಡಿಸಿದರೆ ಇಡಿಯಾಗಿ ಎದ್ದುಬರುತ್ತದೆ. ಕೆಳಗೆ ಸಾರು ಹಲ್ವದಂತೆ ಹೆಪ್ಪುಗಟ್ಟಿ, ಪಾತ್ರೆ ಅಲುಗಾಡಿಸಿದರೆ ತಾನೂ ಅಲುಗುತ್ತದೆ. ನೀರಿಗಿಳಿದ ಜೆಲಾಟಿನ್ ಎಳೆಗಳು ತಣ್ಣಗಾದಾಗ ಮತ್ತೆ ಒಂದನ್ನೊಂದು ಹಿಡಿದುಕೊಳ್ಳುವುದನ್ನು ಕಣ್ಣಾರೆ ನೋಡುವ ಅವಕಾಶ ಇದು.

ಕೊರಿಯಾದ ಮನೆಗಳಲ್ಲಿ ಒಂದು ಮಾತಿದೆ. ಅಮ್ಮ ದೊಡ್ಡ ತಪ್ಪಲೆಯಲ್ಲಿ ಎಲುಬಿನ ಸಾರಿಗೆ ಇಟ್ಟಳೆಂದರೆ ಅವಳು ಕೆಲವು ದಿನ ಪರಊರಿಗೆ ಹೊರಟಿದ್ದಾಳೆ ಎಂದೇ ಅರ್ಥವಂತೆ. ಅವಳಿಲ್ಲದಾಗ ಮನೆಯವರು ಒಂದೊಂದು ಸೌಟು ಹೆಪ್ಪುಗಟ್ಟಿದ ಸಾರನ್ನು ಬಟ್ಟಲಿಗೆ ಹಾಕಿಕೊಂಡು, ಬಿಸಿ ಮಾಡಿ, ಅನ್ನ ಕಲಸಿಕೊಂಡು ಉಣ್ಣುತ್ತಾರೆ.